ಹೊರಾಂಗಣ ಕಾಮಗಾರಿಗಳ ತಾತ್ಕಾಲಿಕ ವಿದ್ಯುತ್ ಸಲಕರಣೆ

ಕಟ್ಟಡ, ರಸ್ತೆ, ಸೇತುವೆ, ಕಾಲುವೆ, ಕೊಳವೆಬಾವಿ ಮೊದಲಾದ ಬಯಲು ಕಾಮಗಾರಿಗಳಿಗೆ ಕೆಲಸ ಮುಗಿಯುವವರೆಗೆ ಮಾತ್ರ ವಿದ್ಯುತ್ ಒದಗಿಸುವ ಸಾಧನಗಳ ಸಮೂಹ. ವಿದ್ಯುತ್ತಿನ ಮೂಲ, ವಿತರಣಾ ಪೆಟ್ಟಿಗೆ, ಸೋರಿಕೆ ರಕ್ಷಣೆ, ಅರ್ಥಿಂಗ್, ಕೇಬಲ್, ಪ್ಲಗ್ಗು ಮತ್ತು ಸಾಕೆಟ್ಟು, ಕೈ ಉಪಕರಣ, ದೀಪ ಇವೆಲ್ಲ ಇದರಲ್ಲಿ ಸೇರುತ್ತವೆ. ಸ್ವಲ್ಪ ದಿನದ ಕೆಲಸ ಎಂಬ ಕಾರಣಕ್ಕೆ ಈ ವ್ಯವಸ್ಥೆಗೆ ಅಗ್ಗದ ಸಾಮಾನು ಸಾಕು ಎನ್ನುವ ರೂಢಿಯಿದೆ. ತಾಂತ್ರಿಕ ಮಾನಕಗಳ ನಿಲುವು ಇದಕ್ಕೆ ವಿರುದ್ಧವಾದುದು. ಮನೆಯ ಗೋಡೆಯೊಳಗಿನ ವೈರಿಂಗ್ ಎದುರಿಸದ ಮಳೆ, ಬಿಸಿಲು, ಕೆಸರು, ಎಳೆದಾಟ, ವಾಹನಗಳ ತುಳಿತ ಇವನ್ನೆಲ್ಲ ಬಯಲಿನ ಸಲಕರಣೆ ದಿನವೂ ಎದುರಿಸುತ್ತದೆ. ಆದ್ದರಿಂದ ಅದು ಶಾಶ್ವತ ವ್ಯವಸ್ಥೆಗಿಂತ ಗಟ್ಟಿಯಾಗಿರಬೇಕು, ಮತ್ತು ಅದರ ಒಂದು ರಕ್ಷಣೆ ಸೋತರೆ ಇನ್ನೊಂದು ಎಚ್ಚರವಾಗಿರಬೇಕು ಎಂಬುದು ಆಯ್ಕೆಯ ಮೂಲ ತತ್ತ್ವ.

ಅಪಾಯದ ಸ್ವರೂಪ

ಭಾರತದಲ್ಲಿ ಸಾಮಾನ್ಯ ಬಳಕೆಯ ವಿದ್ಯುತ್ತು 50 ಹರ್ಟ್ಸ್ ಆವರ್ತನದ ಪರ್ಯಾಯ ಪ್ರವಾಹ. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ ಸುಮಾರು 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಶಾಕ್ ಎಷ್ಟು ಘೋರ ಎಂಬುದನ್ನು ದೇಹದ ಮೂಲಕ ಹರಿಯುವ ಕರೆಂಟಿನ ಪ್ರಮಾಣ, ಅದು ಹರಿಯುವ ಅವಧಿ ಮತ್ತು ದಾರಿ ನಿರ್ಧರಿಸುತ್ತವೆ. ಸುಮಾರು ಅರ್ಧ ಮಿಲಿಆಂಪಿಯರ್ ಹರಿದಾಗ ಜುಮ್ಮೆನ್ನುವ ಅನುಭವವಾಗುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದುಕೊಂಡು ಹಿಡಿದ ವಸ್ತುವನ್ನು ಬಿಡಲಾಗದ ಸ್ಥಿತಿ ಬರಬಹುದು. ಅದಕ್ಕಿಂತ ಹೆಚ್ಚಿನ ಪ್ರವಾಹ ಎದೆಯ ಮೂಲಕ ಕೆಲಕಾಲ ಹರಿದರೆ ಹೃದಯದ ಲಯ ತಪ್ಪಬಹುದು.

ದೇಹದ ರೋಧ ಸುಮಾರು 1000 ಓಮ್ ಎಂದು ಹಿಡಿದರೂ 230 ವೋಲ್ಟಿನಲ್ಲಿ 230 ಮಿಲಿಆಂಪಿಯರ್ ಹರಿಯುತ್ತದೆ. ಇದು ಸಾವಿಗೆ ಸಾಕಷ್ಟಾಯಿತು. ಬೆವರಿದ ಕೈ, ಬರಿಗಾಲು, ಕ್ಯೂರಿಂಗಿಗೆ ನೀರು ನಿಲ್ಲಿಸಿದ ಸ್ಲ್ಯಾಬು, ಕಟ್ಟಿದ ಕಬ್ಬಿಣದ ಸರಳು, ಲೋಹದ ಸಾರುವೆ ಇವೆಲ್ಲ ಕರೆಂಟಿಗೆ ಭೂಮಿಯ ದಾರಿಯನ್ನು ಸಲೀಸು ಮಾಡುತ್ತವೆ. ಒಣ ನೆಲದ ಮೇಲೆ ಚಪ್ಪಲಿ ಹಾಕಿ ನಿಂತವನಿಗೆ ಬರಿಯ ಹೊಡೆತವಾಗುವ ಅದೇ ಸೋರಿಕೆ ಅಡಿಪಾಯದ ಗುಂಡಿಯಲ್ಲಿ ನಿಂತವನನ್ನು ಕೊಲ್ಲಬಹುದು. ಶಾಕ್ ಅಲ್ಲದೆ ಇನ್ನೆರಡು ಅಪಾಯಗಳೂ ಇವೆ. ಸಡಿಲ ಸಂಧಿ ಮತ್ತು ಅತಿಭಾರದಿಂದ ಬೆಂಕಿ ಹೊತ್ತಿಕೊಳ್ಳಬಹುದು. ಸಣ್ಣ ಹೊಡೆತಕ್ಕೇ ಬೆಚ್ಚಿ ಎತ್ತರದಿಂದ ಬೀಳುವುದೂ ಉಂಟು.

ಹಿನ್ನೆಲೆ

ವಿದ್ಯುತ್ ಬಳಕೆಯ ಮೊದಲ ದಶಕಗಳಲ್ಲಿ ರಕ್ಷಣೆ ಎಂದರೆ ಫ್ಯೂಸು ಮತ್ತು ಅರ್ಥಿಂಗ್ ಮಾತ್ರ. ಇವು ತಂತಿ ಸುಡದಂತೆ ನೋಡಿಕೊಳ್ಳುತ್ತಿದ್ದುವೇ ಹೊರತು ತಂತಿ ಮುಟ್ಟಿದವನನ್ನು ಉಳಿಸುವಷ್ಟು ಸೂಕ್ಷ್ಮವಾಗಿರಲಿಲ್ಲ. ಮನುಷ್ಯನನ್ನೇ ಲಕ್ಷ್ಯವಾಗಿಟ್ಟುಕೊಂಡ ಸೋರಿಕೆ ರಕ್ಷಣೆಯ ಬೆಳವಣಿಗೆಗೆ ಪ್ರೇರಣೆ ಬಂದದ್ದು ಮನೆಗಳಿಂದಲ್ಲ, ಅಪಾಯಕರ ಕೆಲಸದ ಸ್ಥಳದಿಂದ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿನ ವಿದ್ಯುತ್ ಅಪಾಯಗಳನ್ನು ಕಂಡು ಹೆನ್ರಿ ರೂಬಿನ್ ಎಂಬ ಎಂಜಿನಿಯರ್ 1955-56ರಲ್ಲಿ ಇಂಥ ವ್ಯವಸ್ಥೆಗಳನ್ನು ರೂಪಿಸಿದರು. ಅಮೆರಿಕದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್ಜಿಯಲ್ ದೇಹದ ಮೇಲೆ ಕರೆಂಟಿನ ಪರಿಣಾಮವನ್ನು ದೀರ್ಘಕಾಲ ಅಧ್ಯಯನ ಮಾಡಿ, 1960ರ ದಶಕದ ಆರಂಭದಲ್ಲಿ ಕೆಲವೇ ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ಸಾಧನವನ್ನು ಮುಂದಿಟ್ಟರು. ಇಂದು ಜಗತ್ತಿನ ಬಹುತೇಕ ದೇಶಗಳ ಕಾಮಗಾರಿ ನಿಯಮಗಳು ಈ ತತ್ತ್ವದ ಮೇಲೆ ನಿಂತಿವೆ.

ವಿದ್ಯುತ್ತಿನ ಮೂಲ

ಗ್ರಿಡ್ ಹತ್ತಿರವಿರುವ ಕಡೆ ವಿದ್ಯುತ್ ಸರಬರಾಜು ಕಂಪನಿಯಿಂದ ಪಡೆಯುವ ತಾತ್ಕಾಲಿಕ ಸಂಪರ್ಕವೇ ಮೊದಲ ಆಯ್ಕೆ. ಕರ್ನಾಟಕದಲ್ಲಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಮೊದಲಾದ ಎಸ್ಕಾಂಗಳು ಕಟ್ಟಡ ಕಾಮಗಾರಿಗೆ ಪ್ರತ್ಯೇಕ ದರದಲ್ಲಿ ಇಂಥ ಸಂಪರ್ಕ ಕೊಡುತ್ತವೆ. ಪರವಾನಗಿ ಪಡೆದ ಗುತ್ತಿಗೆದಾರನಿಂದಲೇ ವೈರಿಂಗ್ ಮಾಡಿಸಬೇಕು. ಕಂಬದ ತಂತಿಗೆ ಕೊಕ್ಕೆ ಹಾಕಿ ಕರೆಂಟ್ ಎಳೆಯುವುದು 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕಳವು. ಸುರಕ್ಷತೆಯ ದೃಷ್ಟಿಯಿಂದಲೂ ಅದು ಕೆಟ್ಟದು. ಕೊಕ್ಕೆಯಿಂದ ಇಳಿದ ತಂತಿಗೂ ಟ್ರಾನ್ಸ್‌ಫಾರ್ಮರಿಗೂ ನಡುವೆ ಕೆಲಸಗಾರನನ್ನು ಕಾಯುವ ಯಾವ ಸಾಧನವೂ ಇರುವುದಿಲ್ಲ.

ಗ್ರಿಡ್ ಇಲ್ಲದಲ್ಲಿ ಡೀಸೆಲ್ ಜನರೇಟರ್ ಬಳಕೆಯಾಗುತ್ತದೆ. ಇದರ ಗಾತ್ರವನ್ನು ಉಪಕರಣಗಳ ವ್ಯಾಟ್‌ಗಳನ್ನು ಕೂಡಿಸಿದಷ್ಟಕ್ಕೇ ನಿಗದಿ ಮಾಡಲಾಗದು. 10 ಎಚ್‌ಪಿಯ ಮೂರು ಫೇಸ್ ಮೋಟಾರು ಓಡುವಾಗ ಸುಮಾರು 14 ಆಂಪಿಯರ್ ಎಳೆದರೆ, ನೇರ ಸ್ಟಾರ್ಟರಿನಲ್ಲಿ ಶುರುವಾಗುವ ಕ್ಷಣದಲ್ಲಿ ಅದರ ಆರೇಳು ಪಟ್ಟು ಎಳೆಯುತ್ತದೆ. ಆಗ ವೋಲ್ಟೇಜು ಕುಸಿದು ಉಳಿದ ಉಪಕರಣಗಳಿಗೂ ತೊಂದರೆಯಾಗುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಈ ಎಳೆತವನ್ನು ಮೂರನೇ ಒಂದಕ್ಕೆ ಇಳಿಸುವುದರಿಂದ ಅದನ್ನು ಬಳಸಿದರೆ ಚಿಕ್ಕ ಜನರೇಟರ್ ಸಾಕಾಗಬಹುದು. ತೀರ ದೊಡ್ಡ ಜನರೇಟರನ್ನು ಅಲ್ಪ ಲೋಡಿನಲ್ಲಿ ಓಡಿಸುವುದೂ ಸರಿಯಲ್ಲ, ಅದರಿಂದ ಎಂಜಿನಿನಲ್ಲಿ ಮಸಿ ಕಟ್ಟುತ್ತದೆ.

ಜನರೇಟರಿನ ವಿಷಯದಲ್ಲಿ ಹೆಚ್ಚಾಗಿ ಮರೆತುಹೋಗುವುದು ನ್ಯೂಟ್ರಲ್. ಅದನ್ನು ಭೂಮಿಗೆ ಜೋಡಿಸದೆ ಬಿಟ್ಟರೆ ಸೋರಿದ ಕರೆಂಟು ಮೂಲಕ್ಕೆ ಮರಳುವ ದಾರಿ ಪೂರ್ಣವಾಗುವುದಿಲ್ಲ. ಮುಂದೆ ಎಷ್ಟೇ ಒಳ್ಳೆಯ ಸೋರಿಕೆ ರಕ್ಷಣೆ ಹಾಕಿದ್ದರೂ ಅದು ಮೊದಲ ದೋಷಕ್ಕೆ ಕೆಲಸ ಮಾಡದು. ಹಾಗಾಗಿ ಹಲವು ಪೆಟ್ಟಿಗೆಗಳಿಗೆ ವಿದ್ಯುತ್ ಹಂಚುವ ಜನರೇಟರಿನ ನ್ಯೂಟ್ರಲನ್ನು ಮೂಲದಲ್ಲೇ ಅರ್ಥ್ ಮಾಡಬೇಕು. ಗ್ರಿಡ್ ಮತ್ತು ಜನರೇಟರ್ ಎರಡೂ ಇರುವ ಕಡೆ ಚೇಂಜ್‌ಓವರ್ ಸ್ವಿಚ್ ಕಡ್ಡಾಯವಾಗಿ ಬೇಕು. ಅದಿಲ್ಲದೆ ಜನರೇಟರಿನ ಕರೆಂಟು ಸತ್ತ ಲೈನಿಗೆ ಹಿಮ್ಮುಖವಾಗಿ ಹರಿದರೆ ಟ್ರಾನ್ಸ್‌ಫಾರ್ಮರಿನ ಆಚೆ ಅಧಿಕ ವೋಲ್ಟೇಜಾಗಿ ಏರಿ, ಕಂಬದ ಮೇಲಿರುವ ಲೈನ್‌ಮನ್ ಪ್ರಾಣಕ್ಕೆ ಕುತ್ತು ತರುತ್ತದೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುವುದರಿಂದ ನೆಲಮಾಳಿಗೆ, ಮುಚ್ಚಿದ ಶೆಡ್ಡುಗಳಲ್ಲಿ ಅಥವಾ ಕಾರ್ಮಿಕರು ಮಲಗುವ ಗುಡಿಸಲುಗಳ ಪಕ್ಕದಲ್ಲಿ ಜನರೇಟರ್ ಇಡಬಾರದು.

ಸಣ್ಣ ಕೆಲಸಗಳಿಗೆ ಬ್ಯಾಟರಿ ಉಪಕರಣಗಳು ಈಗ ಬಳಕೆಗೆ ಬಂದಿವೆ. 18 ವೋಲ್ಟಿನ ಡ್ರಿಲ್ಲು ಅಥವಾ ಕಟ್ಟರ್ ಇದ್ದಲ್ಲಿ ಒದ್ದೆ ನೆಲದಲ್ಲಿ ಎಳೆಯುವ ವೈರೇ ಇರುವುದಿಲ್ಲವಾದ್ದರಿಂದ, ಅಪಾಯವನ್ನು ತಡೆಯುವ ಬದಲು ಅದನ್ನು ಮೂಲದಲ್ಲೇ ತೆಗೆದಂತಾಗುತ್ತದೆ. ಚಾರ್ಜರನ್ನು ಮಾತ್ರ ಒಣ ಜಾಗದಲ್ಲಿ ಇಡಬೇಕು.

ವಿತರಣಾ ಪೆಟ್ಟಿಗೆ

ಮೂಲದಿಂದ ಬಂದ ವಿದ್ಯುತ್ತನ್ನು ಮುಖ್ಯ ಪೆಟ್ಟಿಗೆಯಿಂದ ಉಪಪೆಟ್ಟಿಗೆಗಳಿಗೆ, ಅಲ್ಲಿಂದ ಸಾಕೆಟ್ಟುಗಳಿಗೆ ಹಂತಹಂತವಾಗಿ ಹಂಚಲಾಗುತ್ತದೆ. ಮರದ ಹಲಗೆಗೆ ಸ್ವಿಚ್ಚು, ಹೋಲ್ಡರು ಬಡಿದು ಮಾಡಿದ ತೆರೆದ ಬೋರ್ಡು ಹೊರಾಂಗಣಕ್ಕೆ ಅನರ್ಹ. ಕಾಮಗಾರಿ ಸ್ಥಳದ ಪೆಟ್ಟಿಗೆಗಳಿಗಾಗಿಯೇ ಐಇಸಿ 61439ರ 4ನೆಯ ಭಾಗವೆಂಬ ಅಂತರರಾಷ್ಟ್ರೀಯ ಮಾನಕವಿದೆ. ಹೊಡೆತ, ತುಕ್ಕು, ಸಾಗಣೆಯ ಕುಲುಕಾಟ ಇವನ್ನು ತಾಳುವ ಪರೀಕ್ಷೆಗಳನ್ನು ಅದು ವಿಧಿಸುತ್ತದೆ.

ನೀರು ಮತ್ತು ಧೂಳಿನಿಂದ ರಕ್ಷಣೆಯನ್ನು ಐಪಿ ಅಂಕಿಗಳು ಸೂಚಿಸುತ್ತವೆ. ಮೊದಲ ಅಂಕಿ ಘನವಸ್ತುಗಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಐಪಿ 44 ಎಂದರೆ ಒಂದು ಮಿಲಿಮೀಟರಿಗಿಂತ ದಪ್ಪದ ತಂತಿ ಒಳಹೋಗದು, ಎಲ್ಲ ದಿಕ್ಕಿನಿಂದ ಸಿಡಿಯುವ ನೀರು ಹಾನಿ ಮಾಡದು ಎಂದರ್ಥ. ಹೊರಾಂಗಣ ಪೆಟ್ಟಿಗೆಗೆ ಇದು ಕನಿಷ್ಠ ಮಟ್ಟ. ಐಪಿ 65 ಆದರೆ ಧೂಳು ಪೂರ್ತಿ ತಡೆಯಲ್ಪಡುತ್ತದೆ ಮತ್ತು ಪೈಪಿನ ನೀರಿನ ಧಾರೆಯೂ ಒಳನುಗ್ಗುವುದಿಲ್ಲ. ಐಪಿ 67 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲಕ್ಕೆ ಐಪಿ 65 ಸೂಕ್ತ. ಈ ಅಂಕಿಗಳು ಬಾಗಿಲು ಮುಚ್ಚಿ, ಕೇಬಲ್ ಒಳಬರುವಲ್ಲಿನ ಗ್ಲ್ಯಾಂಡು ಬಿಗಿದಿದ್ದಾಗ ಮಾತ್ರ ಸಲ್ಲುತ್ತವೆ. ಕೇಬಲ್ ತೂರಿಸಲು ಪಕ್ಕದಲ್ಲಿ ಹೊಸದಾಗಿ ಕೊರೆದ ತೂತಿನಿಂದ ಐಪಿ 65ರ ಪೆಟ್ಟಿಗೆ ಸಾಮಾನ್ಯ ತಗಡಿನ ಡಬ್ಬಿಯಾಗಿಬಿಡುತ್ತದೆ. ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬೀಗ ಹಾಕಿಡಬೇಕು. ತುರ್ತು ಕಡಿತದ ಸ್ವಿಚ್ಚು ಮಾತ್ರ ಬೀಗದ ಹೊರಗೆ, ಯಾರ ಕೈಗೂ ಎಟುಕುವಂತಿರಬೇಕು.

ಅರ್ಥಿಂಗ್ ಮತ್ತು ಸೋರಿಕೆ ರಕ್ಷಣೆ

ಅರ್ಥಿಂಗ್ ಮಾಡಿದೆ, ಎಂಸಿಬಿ (ಅತಿಭಾರಕ್ಕೆ ತಾನೇ ಕಡಿತಗೊಳ್ಳುವ ಸ್ವಿಚ್ಚು) ಹಾಕಿದೆ, ಇನ್ನೇನೂ ಭಯವಿಲ್ಲ ಎಂಬ ನಂಬಿಕೆ ಸೈಟುಗಳಲ್ಲಿ ವ್ಯಾಪಕ. ಲೆಕ್ಕ ಬೇರೆ ಹೇಳುತ್ತದೆ. ಒಂದು ಅರ್ಥ್ ಪೈಪಿನ ರೋಧ 10 ಓಮ್, ಟ್ರಾನ್ಸ್‌ಫಾರ್ಮರಿನ ಕಡೆಯ ರೋಧ 2 ಓಮ್ ಎಂದಿಟ್ಟುಕೊಳ್ಳೋಣ. ಕಾಂಕ್ರೀಟ್ ಮಿಕ್ಸರಿನ ಮೈಗೆ ಫೇಸ್ ತಗುಲಿದರೆ ಭೂಮಿಯ ಮೂಲಕ ಹರಿಯುವುದು 230ನ್ನು 12ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 19 ಆಂಪಿಯರ್. 32 ಆಂಪಿಯರಿನ ಎಂಸಿಬಿಗೆ ಇದು ಸಾಮಾನ್ಯ ಲೋಡು. ಅದು ಬೀಳುವುದೇ ಇಲ್ಲ. ಮಿಕ್ಸರಿನ ಮೈ ಮೇಲೆ ಮಾತ್ರ ಸುಮಾರು 190 ವೋಲ್ಟ್ ಉಳಿದಿರುತ್ತದೆ.

ಈ ಕೊರತೆಯನ್ನು ತುಂಬುವುದು ಆರ್‌ಸಿಸಿಬಿ. ಹಳೆಯ ರೂಢಿಯಂತೆ ಎಲೆಕ್ಟ್ರಿಷಿಯನ್ನರು ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದು ಕಾಂತೀಯ ಬಳೆಯೊಳಗೆ ಹಾದುಹೋಗುತ್ತವೆ. ಹೋದಷ್ಟೇ ಕರೆಂಟು ಮರಳಿದರೆ ಬಳೆಯಲ್ಲಿ ಕಾಂತಪ್ರವಾಹ ಹುಟ್ಟುವುದಿಲ್ಲ. ಸ್ವಲ್ಪ ಭಾಗ ಭೂಮಿಗೆ ಸೋರಿದರೆ ಸಮತೋಲ ತಪ್ಪಿ ಸ್ವಿಚ್ಚು ಬೀಳುತ್ತದೆ. 30 ಮಿಲಿಆಂಪಿಯರಿನ ಸಾಧಾರಣ ಆರ್‌ಸಿಸಿಬಿ ನಿಗದಿತ ಸೋರಿಕೆಗೆ 300 ಮಿಲಿಸೆಕೆಂಡಿನೊಳಗೆ, ಅದರ ಐದು ಪಟ್ಟಿಗೆ 40 ಮಿಲಿಸೆಕೆಂಡಿನೊಳಗೆ ಕಡಿತಗೊಳ್ಳಬೇಕು. ಭಾರತದಲ್ಲಿ ಇದರ ಮಾನಕ ಐಎಸ್ 12640.

ಕೈ ಉಪಕರಣಗಳಿಗೆ ಕರೆಂಟು ಕೊಡುವ 32 ಆಂಪಿಯರ್‌ವರೆಗಿನ ಪ್ರತಿ ಸಾಕೆಟ್ಟಿಗೂ 30 ಮಿಲಿಆಂಪಿಯರಿನ ರಕ್ಷಣೆ ಇರಬೇಕೆಂಬುದು ಅಂತರರಾಷ್ಟ್ರೀಯ ಕ್ರಮ. ಇಡೀ ಸೈಟಿಗೆ ಒಂದೇ 30 ಮಿಲಿಆಂಪಿಯರ್ ಸಾಧನ ಹಾಕಿದರೆ ಎಲ್ಲ ಉಪಕರಣಗಳ ಸಣ್ಣಪುಟ್ಟ ಸೋರಿಕೆ ಕೂಡಿ ಪದೇ ಪದೇ ಟ್ರಿಪ್ ಆಗುತ್ತದೆ. ಬೇಸತ್ತವರು ಅದನ್ನು ಬೈಪಾಸ್ ಮಾಡುತ್ತಾರೆ. ಆದ್ದರಿಂದ ಮುಖ್ಯ ಪೆಟ್ಟಿಗೆಯಲ್ಲಿ ತಡವಾಗಿ ಬೀಳುವ 300 ಮಿಲಿಆಂಪಿಯರಿನದು, ಕೊನೆಯ ಸಾಕೆಟ್ಟುಗಳಲ್ಲಿ ತಕ್ಷಣ ಬೀಳುವ 30 ಮಿಲಿಆಂಪಿಯರಿನವು ಹೀಗೆ ಎರಡು ಹಂತ ಮಾಡುವುದು ಸರಿ. ದೋಷವಿರುವ ಒಂದು ಸಾಲು ಮಾತ್ರ ಆರಿ ಉಳಿದ ಕೆಲಸ ನಡೆಯುತ್ತದೆ. ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಸಾಧನ ಬಳಸುವ ಲಿಫ್ಟು, ಪಂಪುಗಳಲ್ಲಿ ನೇರಪ್ರವಾಹದ ಸೋರಿಕೆಯೂ ಇರಬಹುದು. ಸಾಧಾರಣ ಎಸಿ ಮಾದರಿಯ ಆರ್‌ಸಿಸಿಬಿ ಅದನ್ನು ಗುರುತಿಸದು. ಅಂಥಲ್ಲಿ ಬಿ ಮಾದರಿ ಬೇಕಾಗುತ್ತದೆ.

ಆರ್‌ಸಿಸಿಬಿಗೂ ಮಿತಿಗಳಿವೆ. ಒಂದು ಕೈ ಫೇಸನ್ನೂ ಇನ್ನೊಂದು ನ್ಯೂಟ್ರಲನ್ನೂ ಹಿಡಿದು, ಭೂಮಿಗೆ ಏನೂ ಸೋರದಿದ್ದರೆ ಅದಕ್ಕೆ ಆ ದೇಹವೂ ಒಂದು ಲೋಡಷ್ಟೇ. ಅತಿಭಾರವನ್ನೂ ಅದು ತಡೆಯುವುದಿಲ್ಲ. ಎಂಸಿಬಿ, ಆರ್‌ಸಿಸಿಬಿ, ಅರ್ಥಿಂಗ್ ಮೂರೂ ಬೇರೆಬೇರೆ ದೋಷಗಳನ್ನು ಹಿಡಿಯುವ ಸಾಧನಗಳು. ಒಂದರ ಬದಲಿಗೆ ಇನ್ನೊಂದು ನಡೆಯದು. ಅರ್ಥಿಂಗಿಗೆ ಐಎಸ್ 3043 ಮಾರ್ಗದರ್ಶಿ. ಬೇಸಿಗೆಯ ಒಣ ಕೆಂಪು ಮಣ್ಣಿನಲ್ಲಿ, ಕಲ್ಲುನೆಲದಲ್ಲಿ ಅರ್ಥ್ ರೋಧ ಏರುವುದರಿಂದ ಅದನ್ನು ಅಳತೆ ಮಾಡಿಯೇ ತಿಳಿಯಬೇಕು. ಕಬ್ಬಿಣದ ಸರಳನ್ನು ಒಂದು ಅಡಿ ಹುಗಿದು ವೈರು ಸುತ್ತುವುದು ಅರ್ಥಿಂಗ್ ಅಲ್ಲ.

ಕೇಬಲ್

ಗಾರೆ ಕೆಲಸದ ಜಾಗದಲ್ಲಿ ಎಳೆದಾಡುವ ಕೇಬಲಿಗೆ ಬಾಗುವ ಗುಣ ಮತ್ತು ತಾಳಿಕೆ ಎರಡೂ ಬೇಕು. ರಬ್ಬರು ಹೊದಿಕೆಯ, ಸಣ್ಣ ಎಳೆಗಳ ತಾಮ್ರದ ಕೇಬಲ್ ಇದಕ್ಕೆ ಹೊಂದುತ್ತದೆ. ಮನೆಯ ಪಿವಿಸಿ ವೈರು ಬಿಸಿಲಿಗೆ ಬಿರುಕುಬಿಟ್ಟು, ಜಲ್ಲಿಗೆ ಉಜ್ಜಿ ಬೇಗ ಹಾಳಾಗುತ್ತದೆ. ಲೋಹದ ಮೈಯ ಉಪಕರಣಕ್ಕೆ ಒಂದು ಫೇಸಿನಲ್ಲಾದರೆ ಮೂರು ಕೋರಿನ ಕೇಬಲ್ಲೇ ಬೇಕು. ಎರಡು ಕೋರಿನ ವೈರಿನಲ್ಲಿ ಅರ್ಥ್ ಹೋಗಲು ದಾರಿಯೇ ಇಲ್ಲ. ತಿಂಗಳುಗಟ್ಟಲೆ ಒಂದೇ ಕಡೆ ಇರುವ ಮುಖ್ಯ ಸಾಲಿಗೆ ಆರ್ಮರ್ಡ್ ಕೇಬಲನ್ನು ಸುಮಾರು 75 ಸೆಂಟಿಮೀಟರ್ ಆಳದಲ್ಲಿ ಹೂತು ಮೇಲೆ ಗುರುತು ಹಾಕುವುದು ಒಳ್ಳೆಯದು.

ಉದ್ದ ಹೆಚ್ಚಿದಂತೆ ವೋಲ್ಟೇಜು ಕುಸಿಯುತ್ತದೆ. 100 ಮೀಟರ್ ದೂರಕ್ಕೆ 10 ಆಂಪಿಯರ್ ಒಯ್ಯುವ 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲಿನಲ್ಲಿ ಸುಮಾರು 16 ವೋಲ್ಟ್ ನಷ್ಟವಾಗುತ್ತದೆ. 4 ಚದರ ಮಿಲಿಮೀಟರಿನದಾದರೆ ನಷ್ಟ ಸುಮಾರು 10 ವೋಲ್ಟಿಗೆ ಇಳಿಯುತ್ತದೆ. 1 ಚದರ ಮಿಲಿಮೀಟರಿನ ತೆಳು ವೈರಿನಲ್ಲಿ ಅದು 39 ವೋಲ್ಟ್‌ವರೆಗೂ ಏರುತ್ತದೆ. ವೋಲ್ಟೇಜು ಸಾಲದ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗಿ ಸುಟ್ಟುಹೋಗುತ್ತದೆ. ಡ್ರಮ್ಮಿನಲ್ಲಿ ಸುತ್ತಿದ ಕೇಬಲನ್ನು ಪೂರ್ತಿ ಬಿಚ್ಚದೆ ಭಾರಿ ಲೋಡು ಹಾಕಿದರೆ ಒಳಸುತ್ತುಗಳ ಶಾಖ ಹೊರಹೋಗದೆ ಹೊದಿಕೆ ಕರಗಬಹುದು.

ಕತ್ತರಿಸಿದ ಕೇಬಲನ್ನು ತಿರುಚಿ ಟೇಪು ಸುತ್ತುವ ಜೋಡಣೆ ನೀರಿನ ಹತ್ತಿರ ಎಂದಿಗೂ ಕೂಡದು. ಕೇಬಲ್ ರಸ್ತೆ ದಾಟುವಲ್ಲಿ ಗಟ್ಟಿ ಪೈಪಿನೊಳಗೆ ಅಥವಾ ರ‍್ಯಾಂಪಿನ ಅಡಿಯಲ್ಲಿ ಹೋಗಬೇಕು. ಸಾರುವೆಯ ಕಬ್ಬಿಣಕ್ಕೆ ಕಟ್ಟುವ ಬದಲು ವಿದ್ಯುತ್‌ರೋಧಕ ಕೊಕ್ಕೆಗಳಿಂದ ತೂಗಬಿಡಬೇಕು.

ಪ್ಲಗ್ಗು, ಸಾಕೆಟ್ಟು, ಉಪಕರಣ

ಪ್ಲಗ್ಗಿಲ್ಲದ ವೈರಿನ ತುದಿಗಳನ್ನು ಸಾಕೆಟ್ಟಿಗೆ ತೂರಿಸಿ ಕಡ್ಡಿ ಸಿಕ್ಕಿಸುವ ಅಭ್ಯಾಸ ಸೈಟುಗಳಲ್ಲಿ ಕಾಣುವ ಅತಿ ಸಾಮಾನ್ಯ, ಅತಿ ಅಪಾಯಕಾರಿ ತಪ್ಪು. ಐಎಸ್ 1293ರ 6 ಮತ್ತು 16 ಆಂಪಿಯರಿನ ಮೂರು ಪಿನ್ನಿನ ಪ್ಲಗ್ಗುಗಳು ಮೂಲತಃ ಒಳಾಂಗಣದವು. ಹೊರಗೆ ಐಇಸಿ 60309 ಮಾದರಿಯ ಔದ್ಯೋಗಿಕ ಪ್ಲಗ್ಗುಗಳನ್ನು ಬಳಸಬೇಕು. ಇವುಗಳ ಬಣ್ಣವೇ ವೋಲ್ಟೇಜನ್ನು ಹೇಳುತ್ತದೆ: 110 ವೋಲ್ಟಿಗೆ ಹಳದಿ, 230ಕ್ಕೆ ನೀಲಿ, 400ಕ್ಕೆ ಕೆಂಪು. ಅರ್ಥ್ ಪಿನ್ನಿನ ಸ್ಥಾನ ಬೇರೆಬೇರೆ ಇರುವುದರಿಂದ ಒಂದರ ಪ್ಲಗ್ಗು ಇನ್ನೊಂದರ ಸಾಕೆಟ್ಟಿಗೆ ಕೂರುವುದಿಲ್ಲ. ಓದುಬರಹ ಬಾರದವನ ಕೈಯಲ್ಲೂ ತಪ್ಪು ಜೋಡಣೆ ಆಗದಂತೆ ವಿನ್ಯಾಸವೇ ತಡೆಯುತ್ತದೆ.

ಕೈ ಉಪಕರಣಗಳಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಚಿಹ್ನೆ ಇದ್ದರೆ ಅದು ಇಮ್ಮಡಿ ಅವಾಹಕ ಹೊದಿಕೆಯದು, ಅದಕ್ಕೆ ಅರ್ಥ್ ವೈರು ಬೇಡ. ಆದರೂ ನೀರಿನಲ್ಲಿ ನೆನೆದಾಗ ಅದೂ ಸುರಕ್ಷಿತವಲ್ಲ. ಗುಂಡಿಯ ನೀರೆತ್ತುವ ಪಂಪು ಓಡುತ್ತಿರುವಾಗ ಆ ನೀರಿಗೆ ಯಾರೂ ಇಳಿಯಬಾರದು. ಟ್ಯಾಂಕು, ಪೈಪು, ಸಂಪಿನಂಥ ಇಕ್ಕಟ್ಟಿನ ಜಾಗಗಳಲ್ಲಿ ಸುತ್ತಲೂ ವಾಹಕಗಳೇ ಇರುವುದರಿಂದ ವೋಲ್ಟೇಜನ್ನೇ ಇಳಿಸುವುದು ಉತ್ತಮ ಮಾರ್ಗ. 1948ರ ಕಾರ್ಖಾನೆಗಳ ಕಾಯ್ದೆ ಇಂಥ ಕಡೆ ತಕ್ಕ ಸುರಕ್ಷಾ ಸಾಧನಗಳಿಲ್ಲದೆ 24 ವೋಲ್ಟಿಗಿಂತ ಹೆಚ್ಚಿನ ಕೈದೀಪ ಮತ್ತು ಉಪಕರಣಗಳನ್ನು ನಿಷೇಧಿಸಿತ್ತು. ಕಾಮಗಾರಿ ಸ್ಥಳಗಳಿಗೂ ಈ ಮಿತಿ ಒಳ್ಳೆಯ ಅಳತೆಗೋಲು.

ಮೇಲಿನ ತಂತಿಗಳು

ತನ್ನ ಸಲಕರಣೆ ಎಷ್ಟೇ ಚೆನ್ನಾಗಿದ್ದರೂ ಸೈಟಿನ ಮೇಲೆ ಹಾದುಹೋದ ಲೈನು ಪ್ರತ್ಯೇಕ ಅಪಾಯ. 11 ಕಿಲೋವೋಲ್ಟಿನ ತಂತಿಗೆ ಕಬ್ಬಿಣದ ಸರಳು, ಅಲ್ಯೂಮಿನಿಯಂ ಏಣಿ, ಕ್ರೇನಿನ ತೋಳು ತಗುಲಿದರೆ ಕಾಮಗಾರಿಯ ಯಾವ ಆರ್‌ಸಿಸಿಬಿಯೂ ನೆರವಿಗೆ ಬಾರದು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಮೂವರು ಯುವಕರು ಸತ್ತರು. ಕಟ್ಟಡಕ್ಕೂ 11 ಕಿಲೋವೋಲ್ಟ್ ತಂತಿಗೂ ನಡುವೆ ನೇರ ಎತ್ತರದಲ್ಲಿ 3.7 ಮೀಟರ್, ಪಕ್ಕದಲ್ಲಿ 1.2 ಮೀಟರ್ ಅಂತರವಿರಬೇಕೆಂದು ಭಾರತದ ನಿಯಮಗಳು ಹೇಳುತ್ತ ಬಂದಿವೆ. ಉದ್ದದ ಸಾಮಗ್ರಿ ಎತ್ತುವ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಅಂತರ ಬೇಕು. ಲೈನಿನ ಹತ್ತಿರದ ಕೆಲಸಕ್ಕೆ ಎಸ್ಕಾಂನಿಂದ ಲೈನ್ ಕ್ಲಿಯರ್ (ವಿದ್ಯುತ್ ಕಡಿತಗೊಳಿಸಿ ಕೊಡುವ ಅನುಮತಿ) ಪಡೆದು, ಲೈನನ್ನು ಅರ್ಥ್ ಮಾಡಿಸಿದ ಮೇಲೆಯೇ ಕೈಹಾಕಬೇಕು.

ವಿವಿಧ ದೇಶಗಳ ಕ್ರಮ

ಬ್ರಿಟನ್ನಿನ ಕಟ್ಟಡ ಕಾಮಗಾರಿಗಳಲ್ಲಿ ಕೈ ಉಪಕರಣಗಳಿಗೆ 110 ವೋಲ್ಟ್ ಬಳಸುವ ರೂಢಿಯಿದೆ. ಟ್ರಾನ್ಸ್‌ಫಾರ್ಮರಿನ ಸುರುಳಿಯ ನಡುಬಿಂದುವನ್ನು ಅರ್ಥ್ ಮಾಡುವುದರಿಂದ ಯಾವ ತಂತಿ ಮುಟ್ಟಿದರೂ ಭೂಮಿಗೆ 55 ವೋಲ್ಟ್ ಮಾತ್ರ. ಹಳದಿ ಟ್ರಾನ್ಸ್‌ಫಾರ್ಮರುಗಳು ಅಲ್ಲಿನ ಸೈಟುಗಳ ಗುರುತಾಗಿಬಿಟ್ಟಿವೆ. ಅಮೆರಿಕದಲ್ಲಿ ಸುಮಾರು 5 ಮಿಲಿಆಂಪಿಯರಿಗೆ ಕಡಿತಗೊಳ್ಳುವ ಸಾಧನಗಳು, ಇಲ್ಲವೆ ಅರ್ಥ್ ಸಂಪರ್ಕವನ್ನು ಕ್ರಮವಾಗಿ ಪರೀಕ್ಷಿಸಿ ದಾಖಲಿಸುವ ಯೋಜನೆ ಬೇಕು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಕಾಮಗಾರಿಯ ಉಪಕರಣಗಳನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ ಚೀಟಿ ಕಟ್ಟುತ್ತಾರೆ. ವೋಲ್ಟೇಜು ಇಳಿಸುವುದು, ಬೇಗ ಕಡಿತಗೊಳಿಸುವುದು, ಪದೇ ಪದೇ ಪರೀಕ್ಷಿಸುವುದು ಹೀಗೆ ಒತ್ತು ಬೇರೆಯಾದರೂ ಕೆಲಸಗಾರನ ಎಚ್ಚರವೊಂದನ್ನೇ ನೆಚ್ಚಿ ಕೂರಬಾರದು ಎಂಬುದರಲ್ಲಿ ಎಲ್ಲವೂ ಒಂದೇ.

ಭಾರತದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ 2010ರಲ್ಲಿ ಬಂದು 2023ರಲ್ಲಿ ಪರಿಷ್ಕೃತವಾಯಿತು. ಸಣ್ಣ ಲೋಡಿನ ಸಂಪರ್ಕಗಳನ್ನು ಬಿಟ್ಟು ಉಳಿದವಕ್ಕೆ ಸೋರಿಕೆ ರಕ್ಷಣೆಯನ್ನು ಅದು ವಿಧಿಸುತ್ತದೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ವಿಷಯಗಳನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಅಡಕಗೊಳಿಸಲಾಗಿದೆ. ಪ್ರಾಣಹಾನಿಯಾದ ವಿದ್ಯುತ್ ಅಪಘಾತವನ್ನು ತಿಳಿದ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ಕರ್ನಾಟಕದಲ್ಲಿ ಈ ಹೊಣೆ ವಿದ್ಯುತ್ ಪರಿವೀಕ್ಷಣಾಲಯದ್ದು.

ಪರೀಕ್ಷೆ ಮತ್ತು ನಿರ್ವಹಣೆ

ದಿನದ ಕೆಲಸ ಶುರುವಾಗುವ ಮೊದಲು ಕೇಬಲ್, ಪ್ಲಗ್ಗುಗಳನ್ನು ಕಣ್ಣಿನಿಂದ ನೋಡಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಒತ್ತಬೇಕು. ಗುಂಡಿ ಒತ್ತಿದಾಗ ಬಿದ್ದರೆ ಸಾಧನದ ಯಂತ್ರಭಾಗ ಸರಿಯಿದೆ ಎಂದಷ್ಟೇ ತಿಳಿಯುತ್ತದೆ. ಅರ್ಥ್ ವೈರು ಕಡಿದಿದೆಯೆ, ಎಷ್ಟು ಮಿಲಿಸೆಕೆಂಡಿನಲ್ಲಿ ಬೀಳುತ್ತದೆ ಎಂಬುದಕ್ಕೆ ಉಪಕರಣದಿಂದ ಅಳತೆ ಬೇಕು. ಹೊದಿಕೆಯ ರೋಧವನ್ನು 500 ವೋಲ್ಟಿನ ಮೆಗ್ಗರಿನಿಂದ ನೋಡುತ್ತಾರೆ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಉಪಕರಣವನ್ನು ಹೊರಗಿಡಬೇಕು. ಪದೇ ಪದೇ ಟ್ರಿಪ್ ಆಗುವ ಆರ್‌ಸಿಸಿಬಿಯನ್ನು ದೂರುವ ಮೊದಲು ಸಾಲಿನ ಉಪಕರಣಗಳನ್ನು ಒಂದೊಂದಾಗಿ ಬಿಚ್ಚಿ ಸೋರಿಕೆ ಎಲ್ಲಿದೆ ಎಂದು ಹುಡುಕಬೇಕು.

ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಕರೆಂಟ್ ತೆಗೆಯಬೇಕು, ಆಮೇಲಷ್ಟೇ ಮುಟ್ಟಬೇಕು. ಉಸಿರಾಟ ನಿಂತಿದ್ದರೆ ಎದೆಯನ್ನು ಒತ್ತಿ ಹೃದಯವನ್ನು ನಡೆಸುವ ಪ್ರಥಮ ಚಿಕಿತ್ಸೆಯನ್ನು ಕೂಡಲೇ ಆರಂಭಿಸಿ 108ಕ್ಕೆ ಕರೆ ಮಾಡಬೇಕು. ಆದ್ದರಿಂದ ಪ್ರತಿ ಪಾಳಿಯಲ್ಲೂ ಇದನ್ನು ಕಲಿತವರೊಬ್ಬರು ಇರಬೇಕು.

ಕಾಮಗಾರಿ ಮುಗಿದಾಗಲೂ ಆಯ್ಕೆಯ ಕೆಲಸ ಮುಗಿಯುವುದಿಲ್ಲ. ಬಿಚ್ಚಿದ ಸಾಮಾನು ಗೋಡೌನು ಸೇರಿ ಮುಂದಿನ ಸೈಟಿಗೆ ಹೋಗುತ್ತದೆ, ಅದರೊಂದಿಗೆ ಅದರ ದೋಷಗಳೂ ಹೋಗುತ್ತವೆ. ಹೊದಿಕೆ ಸೀಳಿದ ಕೇಬಲ್, ಒಡೆದ ಸಾಕೆಟ್ಟು, ಬೈಪಾಸ್ ಮಾಡಿದ ಪೆಟ್ಟಿಗೆ ಇವನ್ನು ವಾಪಸು ತೆಗೆದುಕೊಳ್ಳುವಾಗಲೇ ಬೇರ್ಪಡಿಸಿ, ದುರಸ್ತಿಯಾಗದವುಗಳ ಪ್ಲಗ್ಗನ್ನು ಕತ್ತರಿಸಿ ಗುಜರಿಗೆ ಹಾಕಬೇಕು. ಉಳಿದವಕ್ಕೆ ಪರೀಕ್ಷೆಯ ದಿನಾಂಕ ಬರೆದ ಚೀಟಿ ಅಂಟಿಸಿದರೆ, ಮುಂದಿನ ಮೇಸ್ತ್ರಿಗೆ ಯಾವುದನ್ನು ನಂಬಬಹುದು ಎಂಬುದು ಗೊತ್ತಾಗುತ್ತದೆ.